ರೂಬಿಯಲ್ಲಿ ಸ್ಕೇಲಿಂಗ್ ಮತ್ತು ರೂಬಿಯಲ್ಲಿ ವೃತ್ತಿ: ಸಹಕಲಿಕೆಯವರಿಗೆ ಕೆಲವು ಟಿಪ್ಪಣಿಗಳು

ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಯಲು ಹೊರಟವರ ಕಿವಿಗೆ ಮೊದಲು ಬೀಳುವ ಮಾತು, ‘ರೂಬಿ ನಿಧಾನ, ಅದರಲ್ಲಿ ಕಟ್ಟಿದ ಆ್ಯಪ್ ಸ್ಕೇಲ್ ಆಗುವುದಿಲ್ಲ’ ಎಂಬುದು. ಈ ಒಂದೇ ವಾಕ್ಯದಲ್ಲಿ ಎರಡು ಬೇರೆ ಪ್ರಶ್ನೆಗಳು ಬೆರೆತಿವೆ. ಒಂದು ರಿಕ್ವೆಸ್ಟ್‌ಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ವೇಗದ ಪ್ರಶ್ನೆ. ಯಂತ್ರಗಳನ್ನು ಹೆಚ್ಚಿಸಿದಂತೆ ನಿಭಾಯಿಸುವ ರಿಕ್ವೆಸ್ಟ್‌ಗಳ ಸಂಖ್ಯೆಯೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆಯೇ ಎಂಬುದು ಸ್ಕೇಲಿಂಗ್‌ನ ಪ್ರಶ್ನೆ. ಯುಕಿಹಿರೊ ಮಾತ್ಸುಮೊಟೊ 1995ರಲ್ಲಿ ಬಿಡುಗಡೆ ಮಾಡಿದ ರೂಬಿಯ ಮೇಲೆ ಡೇವಿಡ್ ಹೈನಮೈರ್ ಹ್ಯಾನ್ಸನ್ 2004ರಲ್ಲಿ ರೈಲ್ಸ್ ಎಂಬ ವೆಬ್ ಫ್ರೇಮ್‌ವರ್ಕ್ ಅನ್ನು ಹೊರತಂದರು. ಗಿಟ್‌ಹಬ್ ಮತ್ತು ಶಾಪಿಫೈಗಳಂಥ ದೊಡ್ಡ ತಾಣಗಳು ಅದರ ಮೇಲೆಯೇ ಬೆಳೆದವು. ಹಾಗಾಗಿ ‘ಆಗುತ್ತದೆಯೇ’ ಎಂದು ಕೇಳುವುದಕ್ಕಿಂತ ‘ಸಮಯ ಎಲ್ಲಿ ಹೋಗುತ್ತಿದೆ’ ಎಂದು ಕೇಳುವುದು ಹೆಚ್ಚು ಉಪಯುಕ್ತ. ಈ ಟಿಪ್ಪಣಿಯ ಉಳಿದ ಭಾಗವೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಆ ಪ್ರಶ್ನೆಗೆ ಮೊದಲ ಉತ್ತರ ರೈಲ್ಸ್‌ನ ಲಾಗ್‌ನಲ್ಲೇ ಸಿಗುತ್ತದೆ. ಪ್ರತಿ ರಿಕ್ವೆಸ್ಟ್ ಮುಗಿದಾಗಲೂ ಒಟ್ಟು ಸಮಯ ಎಷ್ಟು, ಅದರಲ್ಲಿ ವ್ಯೂಗೆ (ಪುಟ ರೂಪಿಸುವ ಭಾಗಕ್ಕೆ) ಹಿಡಿದದ್ದೆಷ್ಟು, ಆ್ಯಕ್ಟಿವ್ ರೆಕಾರ್ಡ್‌ಗೆ (ಡೇಟಾಬೇಸ್‌ನೊಂದಿಗೆ ವ್ಯವಹರಿಸುವ ಭಾಗಕ್ಕೆ) ಹಿಡಿದದ್ದೆಷ್ಟು ಎಂದು ಮಿಲಿಸೆಕೆಂಡ್‌ಗಳಲ್ಲಿ ತಿಳಿಸುವ ಒಂದು ಸಾಲು ಅಲ್ಲಿ ಬೀಳುತ್ತದೆ. ನಾನು ಕೆಲಸ ಮಾಡುತ್ತಿದ್ದ ಒಂದು ಆ್ಯಪ್‌ನಲ್ಲಿ ಐವತ್ತು ಆರ್ಡರ್‌ಗಳನ್ನು ಪಟ್ಟಿ ಮಾಡುವ ಪುಟ ತೆರೆಯಲು ಬಹಳ ಹೊತ್ತು ಹಿಡಿಯುತ್ತಿತ್ತು. ಲಾಗ್ ತೆರೆದು ಎಣಿಸಿದಾಗ ಆ ಒಂದು ಪುಟಕ್ಕೆ ಡೇಟಾಬೇಸ್‌ಗೆ 101 ಕ್ವೆರಿಗಳು (ಮಾಹಿತಿ ಕೇಳುವ ಪ್ರಶ್ನೆಗಳು) ಹೋಗಿದ್ದವು: ಆರ್ಡರ್‌ಗಳನ್ನು ತರಲು ಒಂದು, ಪ್ರತಿ ಆರ್ಡರ್‌ನ ಗ್ರಾಹಕನನ್ನು ತರಲು ಐವತ್ತು, ಪ್ರತಿ ಆರ್ಡರ್‌ನ ಪಾವತಿಯನ್ನು ತರಲು ಇನ್ನೂ ಐವತ್ತು. ಬಿಡಿಯಾಗಿ ನೋಡಿದರೆ ಯಾವ ಕ್ವೆರಿಯೂ ನಿಧಾನವಾಗಿರಲಿಲ್ಲ. ಎರಡೆರಡು ಮಿಲಿಸೆಕೆಂಡ್‌ಗಳಲ್ಲಿ ಮುಗಿಯುತ್ತಿದ್ದವು. ಆದ್ದರಿಂದಲೇ ನಿಧಾನದ ಕ್ವೆರಿಗಳ ಪಟ್ಟಿಯಲ್ಲಿ ಅವು ಕಾಣಿಸಿಕೊಂಡಿರಲಿಲ್ಲ. ಎನ್ ಪ್ಲಸ್ ಒನ್ ಎಂದು ಎಲ್ಲರೂ ಕರೆಯುವ ತೊಂದರೆ ಇದೇ. ನಮ್ಮದೇ ಲ್ಯಾಪ್‌ಟಾಪ್‌ನಲ್ಲಿ, ಐದು ಸಾಲುಗಳ ಟೇಬಲ್‌ನೊಂದಿಗೆ, ಅದೇ ಯಂತ್ರದಲ್ಲಿರುವ ಡೇಟಾಬೇಸ್‌ನೊಂದಿಗೆ ಕೆಲಸ ಮಾಡುವಾಗ ಇದು ಎಂದೂ ಕಣ್ಣಿಗೆ ಬೀಳುವುದಿಲ್ಲ.

ಪರಿಹಾರ ಸರಳ: ಆರ್ಡರ್‌ಗಳನ್ನು ತರುವಲ್ಲಿ ‘ಇನ್‌ಕ್ಲೂಡ್ಸ್’ ಬಳಸಿ ಗ್ರಾಹಕ ಮತ್ತು ಪಾವತಿಗಳನ್ನು ಒಟ್ಟಿಗೇ ತರಿಸಿಕೊಂಡರೆ 101ರ ಜಾಗದಲ್ಲಿ ಮೂರು ಕ್ವೆರಿಗಳು ಸಾಕು. ಆದರೆ ಇದನ್ನು ಕಲಿತ ಹುಮ್ಮಸ್ಸಿನಲ್ಲಿ ಎಲ್ಲೆಡೆ ‘ಇನ್‌ಕ್ಲೂಡ್ಸ್’ ಹಾಕುವುದು ಸರಿಯಲ್ಲ, ಏಕೆಂದರೆ ಪುಟದಲ್ಲಿ ಬಳಕೆಯೇ ಆಗದ ಸಾವಿರಾರು ಆಬ್ಜೆಕ್ಟ್‌ಗಳು ಮೆಮೊರಿಗೆ ಬಂದು ಕೂರುತ್ತವೆ. ಬೇಕಿರುವುದು ಎಣಿಕೆ ಮಾತ್ರವಾದರೆ ಆ ಎಣಿಕೆಯನ್ನು ಮೊದಲೇ ಬರೆದಿಡುವ ಕೌಂಟರ್ ಕ್ಯಾಶ್ ಕಾಲಮ್ ಒಂದೇ ಸಾಕಾಗುತ್ತದೆ. ರೈಲ್ಸ್ 6.1ರಲ್ಲಿ ಬಂದ ‘ಸ್ಟ್ರಿಕ್ಟ್ ಲೋಡಿಂಗ್’ ಮೊದಲೇ ತರಿಸಿಕೊಳ್ಳದ ಸಂಬಂಧವನ್ನು ಮುಟ್ಟಿದ ಕೂಡಲೇ ದೋಷ ಎತ್ತುತ್ತದೆ; ಕಲಿಯುವವರು ಇದನ್ನು ತಮ್ಮ ಅಭ್ಯಾಸದ ಆ್ಯಪ್‌ನಲ್ಲಿ ಸದಾ ಚಾಲೂ ಇಟ್ಟುಕೊಳ್ಳಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಇಂಡೆಕ್ಸ್ (ಬೇಕಾದ ಸಾಲುಗಳನ್ನು ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ) ವಿಷಯ ಇದಕ್ಕೆ ಹೊಂದಿಕೊಂಡೇ ಇದೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿ, ಕ್ವೆರಿ ಹೇಗೆ ನಡೆಯುತ್ತದೆಂಬ ಯೋಜನೆಯನ್ನು ತೋರಿಸುವ ‘ಎಕ್ಸ್‌ಪ್ಲೇನ್ ಅನಲೈಜ್’ ಹಾಕಿ ನೋಡಿದಾಗ ಕೆಲವೇ ಸಾಲುಗಳಿಗಾಗಿ ದೊಡ್ಡ ಟೇಬಲ್ ಅನ್ನು ಪೂರ್ತಿ ಓದುತ್ತಿರುವುದು ಕಂಡರೆ ಅಲ್ಲಿ ಇಂಡೆಕ್ಸ್ ಬೇಕಾಗಿರುವ ಸಾಧ್ಯತೆ ಹೆಚ್ಚು. ಎರಡು ಕಾಲಮ್‌ಗಳ ಇಂಡೆಕ್ಸ್‌ನಲ್ಲಿ ಕಾಲಮ್‌ಗಳ ಕ್ರಮವೂ ಮುಖ್ಯ: ಒಬ್ಬ ಗ್ರಾಹಕನ ಇತ್ತೀಚಿನ ಆರ್ಡರ್‌ಗಳು ಬೇಕಾದರೆ ಗ್ರಾಹಕನ ಐಡಿ ಮೊದಲು, ದಿನಾಂಕ ನಂತರ ಬರಬೇಕು. ಚಾಲನೆಯಲ್ಲಿರುವ ದೊಡ್ಡ ಟೇಬಲ್‌ಗೆ ಸಾಮಾನ್ಯ ರೀತಿಯಲ್ಲಿ ಇಂಡೆಕ್ಸ್ ಸೇರಿಸಿದರೆ ಅದು ಮುಗಿಯುವವರೆಗೆ ಆ ಟೇಬಲ್‌ಗೆ ಬರೆಯುವ ಕೆಲಸವೆಲ್ಲ ನಿಂತುಬಿಡುತ್ತದೆ. ಆದ್ದರಿಂದ ‘ಕನ್‌ಕರೆಂಟ್ಲಿ’ ಆಯ್ಕೆಯನ್ನು ಬಳಸಬೇಕು ಮತ್ತು ಅದಕ್ಕಾಗಿ ಮೈಗ್ರೇಶನ್‌ನ (ಡೇಟಾಬೇಸ್‌ನ ರಚನೆ ಬದಲಿಸುವ ಕಡತದ) ಟ್ರಾನ್ಸಾಕ್ಷನ್ ಅನ್ನು ಆಫ್ ಮಾಡಬೇಕು.

ಈಗ ಸರ್ವರ್‌ನ ಲೆಕ್ಕಕ್ಕೆ ಬರೋಣ. ಹೆಚ್ಚಿನವರು ಬಳಸುವ, ಸಿ ಭಾಷೆಯಲ್ಲಿ ಬರೆದ ರೂಬಿಯಲ್ಲಿ ಒಂದು ಜಾಗತಿಕ ಲಾಕ್ ಇದೆ. ಒಂದು ಪ್ರೋಸೆಸ್‌ನಲ್ಲಿ (ಓಡುತ್ತಿರುವ ಪ್ರೋಗ್ರಾಮ್‌ನಲ್ಲಿ) ಎಷ್ಟೇ ಥ್ರೆಡ್‌ಗಳು (ಅದರೊಳಗಿನ ಕೆಲಸದ ಎಳೆಗಳು) ಇದ್ದರೂ ಯಾವುದೇ ಕ್ಷಣದಲ್ಲಿ ರೂಬಿ ಕೋಡ್ ನಡೆಸುವುದು ಒಂದೇ ಥ್ರೆಡ್; ಡೇಟಾಬೇಸ್‌ಗೋ ನೆಟ್‌ವರ್ಕ್‌ಗೋ ಕಾಯುವಾಗ ಆ ಥ್ರೆಡ್ ಲಾಕ್ ಬಿಟ್ಟುಕೊಡುತ್ತದೆ, ಆಗ ಇನ್ನೊಂದು ಮುಂದುವರಿಯುತ್ತದೆ. ಆದುದರಿಂದ ಥ್ರೆಡ್‌ಗಳು ಕಾಯುವ ಸಮಯವನ್ನು ಹಂಚಿಕೊಳ್ಳಲು ನೆರವಾಗುತ್ತವೆ, ಪ್ರೋಸೆಸ್‌ಗಳು ಸಿಪಿಯು ಕೋರ್‌ಗಳನ್ನು ಬಳಸಿಕೊಳ್ಳಲು ನೆರವಾಗುತ್ತವೆ. ಪ್ಯೂಮಾ ಸರ್ವರ್‌ನಲ್ಲಿ ವರ್ಕರ್ (ಅಂದರೆ ಪ್ರೋಸೆಸ್) ಎಷ್ಟು, ಥ್ರೆಡ್ ಎಷ್ಟು ಎಂದು ಎರಡು ಸಂಖ್ಯೆಗಳನ್ನು ಬೇರೆ ಬೇರೆಯಾಗಿ ಕೊಡುವುದು ಈ ಕಾರಣಕ್ಕೆ.

ಈ ಸಂಖ್ಯೆಗಳನ್ನು ಊಹಿಸಬೇಕಿಲ್ಲ, ಲಿಟಲ್‌ನ ನಿಯಮದಿಂದ ಲೆಕ್ಕ ಹಾಕಬಹುದು: ಏಕಕಾಲಕ್ಕೆ ಒಳಗಿರುವ ರಿಕ್ವೆಸ್ಟ್‌ಗಳ ಸರಾಸರಿ ಸಂಖ್ಯೆಯು ಸೆಕೆಂಡಿಗೆ ಬರುವ ರಿಕ್ವೆಸ್ಟ್‌ಗಳನ್ನು ಒಂದಕ್ಕೆ ಹಿಡಿಯುವ ಸರಾಸರಿ ಸಮಯದಿಂದ ಗುಣಿಸಿದಷ್ಟಿರುತ್ತದೆ. ಸೆಕೆಂಡಿಗೆ 120 ರಿಕ್ವೆಸ್ಟ್‌ಗಳು ಬರುತ್ತಿದ್ದು ಒಂದಕ್ಕೆ 250 ಮಿಲಿಸೆಕೆಂಡ್ ಹಿಡಿದರೆ ಒಳಗೆ ಸರಾಸರಿ 30 ರಿಕ್ವೆಸ್ಟ್‌ಗಳಿರುತ್ತವೆ. ಆ 250ರಲ್ಲಿ 100 ಮಿಲಿಸೆಕೆಂಡ್ ರೂಬಿಯೇ ಓಡುವ ಸಮಯವಾದರೆ 12 ಕೋರ್‌ಗಳು ಬಿಡುವಿಲ್ಲದೆ ದುಡಿಯುತ್ತವೆ. ಬಿಡುವಿಲ್ಲದಿರುವುದು ಅಪಾಯ. ಒಂದೇ ಕೌಂಟರ್ ಇರುವ ಸರಳ ಸರತಿಯ ಲೆಕ್ಕದಲ್ಲಿ, ಕೌಂಟರ್ ಶೇ. 50ರಷ್ಟು ತುಂಬಿದಾಗ ಒಟ್ಟು ಸಮಯ ಕೆಲಸದ ಸಮಯದ ಎರಡು ಪಟ್ಟು, ಶೇ. 80ಕ್ಕೆ ಐದು ಪಟ್ಟು, ಶೇ. 90ಕ್ಕೆ ಹತ್ತು ಪಟ್ಟಾಗುತ್ತದೆ. ಹಲವು ಕೌಂಟರ್‌ಗಳಿದ್ದಾಗ ಇಷ್ಟು ಕಠಿಣವಾಗಿರದಿದ್ದರೂ ಏರಿಕೆಯ ಸ್ವರೂಪ ಅದೇ. ಆದ್ದರಿಂದ ಸುಮಾರು ಶೇ. 70ರ ಬಳಕೆ ಸಾಕೆಂದುಕೊಂಡು 18 ವರ್ಕರ್‌ಗಳನ್ನು, ತಲಾ ಮೂರು ಥ್ರೆಡ್‌ಗಳಂತೆ ಇಟ್ಟರೆ ಒಟ್ಟು 54 ಥ್ರೆಡ್‌ಗಳಾಗುತ್ತವೆ. ಮೂರು ಎಂಬುದು ರೈಲ್ಸ್ 7.2ರಿಂದ ಹೊಸ ಆ್ಯಪ್‌ಗಳಿಗೆ ಸಿಗುವ ಸಂಖ್ಯೆಯೂ ಹೌದು. ಅದಕ್ಕೆ ಮೊದಲು ಐದು ಇತ್ತು.

ಇಲ್ಲಿಗೆ ನಿಲ್ಲಿಸಿದವರು ಮುಂದೆ ಎಡವುತ್ತಾರೆ. ಪ್ರತಿ ಥ್ರೆಡ್‌ಗೂ ಒಂದು ಡೇಟಾಬೇಸ್ ಕನೆಕ್ಷನ್ ಬೇಕಾಗಬಹುದು. ಮೇಲಿನ 54ಕ್ಕೆ ಹಿನ್ನೆಲೆಯ ಕೆಲಸಗಳನ್ನು ನಡೆಸುವ ಸೈಡ್‌ಕಿಕ್‌ನ ತಲಾ 10 ಥ್ರೆಡ್‌ಗಳ ನಾಲ್ಕು ಪ್ರೋಸೆಸ್‌ಗಳನ್ನು ಸೇರಿಸಿದರೆ 94 ಆಯಿತು. ಪೋಸ್ಟ್‌ಗ್ರೆಸ್‌ನ ಪೂರ್ವನಿಗದಿತ ಮಿತಿ 100, ಅದರಲ್ಲಿ ಮೂರು ಸೂಪರ್‌ಯೂಸರ್‌ಗೆ ಮೀಸಲು. ಎಲ್ಲವೂ ಸರಿಯಿದೆ ಎನಿಸುತ್ತಿರುವಾಗಲೇ ಡಿಪ್ಲಾಯ್ (ಹೊಸ ಆವೃತ್ತಿಯನ್ನು ಚಾಲನೆಗೆ ತರುವ) ಸಮಯದಲ್ಲಿ ಹಳೆಯ ಪ್ರೋಸೆಸ್‌ಗಳು ಇಳಿಯುವ ಮುನ್ನ ಹೊಸವು ಏಳುತ್ತವೆ, ಮಿತಿ ದಾಟುತ್ತದೆ, ಬಳಕೆದಾರರಿಗೆ ದೋಷದ ಪುಟ ಕಾಣುತ್ತದೆ. ಮಿತಿಯನ್ನು ಏರಿಸುತ್ತಾ ಹೋದರೆ ಪ್ರತಿ ಕನೆಕ್ಷನ್‌ಗೂ ಪೋಸ್ಟ್‌ಗ್ರೆಸ್ ಒಂದು ಪ್ರತ್ಯೇಕ ಪ್ರೋಸೆಸ್ ನಡೆಸುವುದರಿಂದ ಮೆಮೊರಿ ಕರಗುತ್ತದೆ. ಆದ್ದರಿಂದ ದೊಡ್ಡ ಆ್ಯಪ್‌ಗಳು ಮಧ್ಯೆ ಕೆಲವೇ ಕನೆಕ್ಷನ್‌ಗಳನ್ನು ಹಲವರಿಗೆ ಹಂಚಿಕೊಡುವ ಪಿಜಿಬೌನ್ಸರ್‌ನಂಥ ಪೂಲರ್ ಇಡುತ್ತವೆ. ಇನ್ನೊಂದು ದಾರಿಯೂ ಇದೆ: 250 ಮಿಲಿಸೆಕೆಂಡ್ ಅನ್ನು ಕ್ವೆರಿ ಸರಿಪಡಿಸಿ 150ಕ್ಕೆ ಇಳಿಸಿದರೆ ಒಳಗಿರುವ ರಿಕ್ವೆಸ್ಟ್‌ಗಳು 30ರಿಂದ 18ಕ್ಕೆ ಇಳಿಯುತ್ತವೆ. ಶಾಪಿಫೈನಲ್ಲಿ ಹುಟ್ಟಿ ರೂಬಿ 3.1ರಲ್ಲಿ ಸೇರಿದ ವೈಜಿಟ್ ಎಂಬ ಕಂಪೈಲರ್, ರೂಬಿ ಓಡುವ ಭಾಗವನ್ನು ಚುರುಕುಗೊಳಿಸುತ್ತದೆಯೇ ಹೊರತು ಡೇಟಾಬೇಸ್‌ಗೆ ಕಾಯುವ ಭಾಗವನ್ನು ಮುಟ್ಟುವುದಿಲ್ಲ.

ಬಳಕೆದಾರ ಕಾಯಬೇಕಿಲ್ಲದ ಕೆಲಸ, ಅಂದರೆ ಇಮೇಲ್, ಪಿಡಿಎಫ್, ವರದಿ ಇತ್ಯಾದಿ, ಜಾಬ್ ಕ್ಯೂಗೆ ಹೋಗಬೇಕು. ಜಾಬ್ ಬರೆಯುವಾಗ ಒಂದನ್ನು ಮನದಟ್ಟು ಮಾಡಿಕೊಳ್ಳಿ: ಅದೇ ಜಾಬ್ ಎರಡು ಸಲ ನಡೆಯಬಹುದು. ಹಣ ಕಡಿತ ಮಾಡುವ ಜಾಬ್ ಅರ್ಧದಲ್ಲಿ ಸತ್ತು ಮತ್ತೆ ಎದ್ದರೆ ಗ್ರಾಹಕನಿಂದ ಎರಡು ಸಲ ಹಣ ಹೋಗಬಾರದು. ಹಾಗೆಯೇ, ಟ್ರಾನ್ಸಾಕ್ಷನ್ ಕಮಿಟ್ ಆಗುವ ಮೊದಲೇ ಜಾಬ್ ಅನ್ನು ಕ್ಯೂಗೆ ಹಾಕಿದರೆ ಜಾಬ್ ನಡೆಸುವ ಪ್ರೋಸೆಸ್ ಬಂದು ಹುಡುಕುವಾಗ ಆ ಸಾಲು ಇನ್ನೂ ಇಲ್ಲದೇ ಇರಬಹುದು. ಕ್ಯಾಶಿಂಗ್ (ಒಮ್ಮೆ ಸಿದ್ಧವಾದ ಉತ್ತರವನ್ನು ಉಳಿಸಿಟ್ಟು ಮತ್ತೆ ಬಳಸುವುದು) ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ. ಕೆಟ್ಟ ಕ್ವೆರಿಯನ್ನು ಮುಚ್ಚಲು ಅದನ್ನು ಬಳಸಿದರೆ ಕ್ಯಾಶ್ ಖಾಲಿಯಾದ ದಿನ ತೊಂದರೆ ಒಟ್ಟಿಗೇ ಮೇಲೆ ಬರುತ್ತದೆ. ಓದುವ ಭಾರ ಹೆಚ್ಚಾದಾಗ ರೆಪ್ಲಿಕಾ (ಮುಖ್ಯ ಡೇಟಾಬೇಸ್‌ನ ಪ್ರತಿ) ಸೇರಿಸಬಹುದು, ಆದರೆ ರೆಪ್ಲಿಕಾ ಕೊಂಚ ಹಿಂದಿರುತ್ತದೆ. ಇವೆರಡರ ನಡುವೆ ರೈಲ್ಸ್ ತಾನೇ ಬದಲಿಸುವ ಸೌಲಭ್ಯವನ್ನು ಬಳಸಿದರೆ, ಬಳಕೆದಾರ ಏನಾದರೂ ಬರೆದ ನಂತರದ ಎರಡು ಸೆಕೆಂಡ್ ಅವನ ಓದುವಿಕೆಯನ್ನೂ ಮುಖ್ಯ ಡೇಟಾಬೇಸ್‌ಗೇ ಕಳುಹಿಸುವುದು ಅದಕ್ಕಾಗಿ.

ವೃತ್ತಿಯ ಮಾತು ಮೇಲಿನದರಿಂದ ಬೇರೆಯಲ್ಲ. ರೈಲ್ಸ್‌ನಲ್ಲಿ ಹೊಸ ಆ್ಯಪ್ ಎಬ್ಬಿಸುವುದು ಸುಲಭ, ಅದನ್ನು ಮಾಡಬಲ್ಲವರು ಬಹಳ ಮಂದಿ. ಆದರೆ ಎರಡು ದಶಕಗಳಲ್ಲಿ ಬೆಳೆದುನಿಂತ ಆ್ಯಪ್‌ಗಳು ಎಷ್ಟೋ ಇವೆ. ಅವುಗಳ ಆವೃತ್ತಿಯನ್ನು ಹಂತಹಂತವಾಗಿ ಮೇಲೇರಿಸಬಲ್ಲವರು, ಟೆಸ್ಟ್ ಇಲ್ಲದ ಕೋಡ್‌ಗೆ ಮೊದಲು ಟೆಸ್ಟ್ ಬರೆದು ನಂತರ ಕೈಹಾಕುವವರು, ಡೇಟಾಬೇಸ್ ಕ್ವೆರಿ ನಡೆಸುವ ಯೋಜನೆಯನ್ನು (‘ಎಕ್ಸ್‌ಪ್ಲೇನ್’ ತೋರಿಸುವಂಥದ್ದು) ಓದಬಲ್ಲವರು ತಂಡಕ್ಕೆ ನಿಜವಾಗಿ ಬೇಕಾದವರು. ಆದ್ದರಿಂದ ರೂಬಿಯ ಜೊತೆಗೆ ಡೇಟಾಬೇಸ್‌ನ ಭಾಷೆಯಾದ ಎಸ್‌ಕ್ಯೂಎಲ್ ಅನ್ನು ಸಮನಾಗಿ ಕಲಿಯಿರಿ ಎಂದು ಒತ್ತಿ ಹೇಳುತ್ತೇನೆ. ‘ಬಂಡಲ್ ಓಪನ್’ ಆಜ್ಞೆಯಿಂದ ನೀವು ದಿನವೂ ಬಳಸುವ ಜೆಮ್‌ನ (ರೂಬಿ ಲೈಬ್ರರಿಯ) ಒಳಗನ್ನು ತೆರೆದು ಓದಿ. ಅಲ್ಲಿ ಕಂಡ ದಾಖಲೆಯ ತಪ್ಪೊಂದನ್ನು ತಿದ್ದಿ ಕಳುಹಿಸುವುದೂ ಮುಕ್ತ ತಂತ್ರಾಂಶದೊಳಗೆ ಹೆಜ್ಜೆ ಇಡುವ ಗೌರವದ ದಾರಿಯೇ.

ಅಭ್ಯಾಸಕ್ಕೆ ಆರ್ಡರ್, ಗ್ರಾಹಕ, ಪಾವತಿ ಎಂಬ ಮೂರು ಟೇಬಲ್‌ಗಳ ಸಣ್ಣ ಆ್ಯಪ್ ಮಾಡಿ, ‘ಇನ್ಸರ್ಟ್ ಆಲ್’ ಬಳಸಿ ಹತ್ತು ಲಕ್ಷ ಸಾಲುಗಳನ್ನು ತುಂಬಿ. ಪಟ್ಟಿಯ ಪುಟವನ್ನು ಮೊದಲು ಇದ್ದಂತೆಯೇ ತೆರೆದು ಲಾಗ್‌ನ ಕೊನೆಯ ಸಾಲನ್ನು ಬರೆದಿಟ್ಟುಕೊಳ್ಳಿ. ನಂತರ ‘ಇನ್‌ಕ್ಲೂಡ್ಸ್’, ಆಮೇಲೆ ಇಂಡೆಕ್ಸ್. ಪ್ರತಿ ಹಂತದಲ್ಲೂ ಒಂದನ್ನು ಮಾತ್ರ ಬದಲಿಸಿ ಮತ್ತೆ ಅಳೆಯಿರಿ. ಸರಾಸರಿಯ ಜೊತೆಗೆ ನೂರರಲ್ಲಿ ತೊಂಬತ್ತೈದು ರಿಕ್ವೆಸ್ಟ್‌ಗಳು ಎಷ್ಟು ಸಮಯದೊಳಗೆ ಮುಗಿದವು ಎಂಬುದನ್ನೂ ಬರೆದುಕೊಳ್ಳಿ, ಏಕೆಂದರೆ ಬಳಕೆದಾರರು ದೂರುವ ನಿಧಾನ ಸರಾಸರಿಯಲ್ಲಿ ಮರೆಯಾಗಿರುತ್ತದೆ. ಸಂದರ್ಶನದಲ್ಲಿ ನಿಮ್ಮ ಕೆಲಸದ ಬಗ್ಗೆ ಕೇಳಿದಾಗ ಈ ಪುಟವನ್ನೇ ತೆಗೆದಿಟ್ಟು, ಮೊದಲು ಎಷ್ಟಿತ್ತು, ಏನು ಅನುಮಾನಿಸಿದಿರಿ, ಯಾವ ಅನುಮಾನ ತಪ್ಪಾಯಿತು, ಕೊನೆಗೆ ಎಷ್ಟಾಯಿತು ಎಂಬುದನ್ನು ಆ ಕ್ರಮದಲ್ಲೇ ಹೇಳಿ.