ದಿನಾ ಓಡುತ್ತೇನೆ, ಅದೇ ನನ್ನ ಧ್ಯಾನ ಅನ್ನಬಹುದಾ?

ಓದುಗರ ಪ್ರಶ್ನೆ: ಬೌದ್ಧ ಗುರುವೊಬ್ಬರು ಮ್ಯಾರಥಾನ್‌ಗೆ ತಯಾರಿ ಮಾಡಿ ಓಡುತ್ತಿದ್ದರು ಅಂತ ಎಲ್ಲೋ ಓದಿದೆ. ಧ್ಯಾನ ಅಂದ್ರೆ ಸುಮ್ನೆ ಕೂರೋದಲ್ವಾ? ಅದಕ್ಕೂ ಓಟಕ್ಕೂ ಎಲ್ಲಿಯ ಸಂಬಂಧ? ನಾನೂ ದಿನಾ ಬೆಳಿಗ್ಗೆ ಓಡುತ್ತೇನೆ. ಅದನ್ನೇ ಧ್ಯಾನ ಅಂದುಕೊಂಡರೆ ಸಾಕಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ಸಾಕಾಗಲ್ಲ. ಹಾಗಂತ ಹೇಳಿದ್ದು ನಾನಲ್ಲ, ಓಡುತ್ತಿದ್ದ ಆ ಗುರುವೇ.

ನೀವು ಓದಿದ್ದು ಬಹುಶಃ ಸಕ್ಯೋಂಗ್ ಮಿಪಮ್ ಅವರ ಬಗ್ಗೆ. ಟಿಬೆಟನ್ ಗುರು ಚೋಗ್ಯಮ್ ಟ್ರುಂಗ್ಪಾ ಅವರ ಮಗ. 1962ರಲ್ಲಿ ಹುಟ್ಟಿದ್ದು ನಮ್ಮ ಬೋಧಗಯಾದಲ್ಲಿ. ಅಪ್ಪನ ನಂತರ ಶಂಭಾಲ ಅನ್ನುವ ಬೌದ್ಧ ಸಂಸ್ಥೆಯನ್ನು ನಡೆಸಿದರು. ನಮ್ಮ ಬೈಲಕುಪ್ಪೆಗೂ ಅವರಿಗೂ ಒಂದು ನಂಟಿದೆ. ಅಲ್ಲಿನ ನಾಮ್‌ಡ್ರೋಲಿಂಗ್ ಮಠ, ಅಂದರೆ ನಾವೆಲ್ಲ ಗೋಲ್ಡನ್ ಟೆಂಪಲ್ ಅಂತ ನೋಡಲು ಹೋಗುವ ಜಾಗ, ಅದನ್ನು 1963ರಲ್ಲಿ ಕಟ್ಟಲು ಶುರು ಮಾಡಿದವರು ಪೆನೋರ್ ರಿಂಪೋಚೆ. 19ನೇ ಶತಮಾನದ ದೊಡ್ಡ ಟಿಬೆಟನ್ ಪಂಡಿತ ಮಿಪಮ್ ಅವರೇ ಮತ್ತೆ ಹುಟ್ಟಿ ಬಂದಿದ್ದಾರೆ ಅಂತ ಸಕ್ಯೋಂಗ್ ಅವರನ್ನು 1995ರಲ್ಲಿ ಗುರುತಿಸಿದ್ದೂ ಈ ಪೆನೋರ್ ರಿಂಪೋಚೆಯೇ.

ಸಕ್ಯೋಂಗ್ ಓಡಿದ್ದು ಒಂಬತ್ತು ಮ್ಯಾರಥಾನ್. ಒಂದೊಂದೂ 42.195 ಕಿ.ಮೀ. ಓಟ ಮತ್ತು ಧ್ಯಾನದ ಬಗ್ಗೆ 2012ರಲ್ಲಿ ಒಂದು ಪುಸ್ತಕವನ್ನೂ ಬರೆದರು. ಅವರು ಹೇಳುವುದು ಸರಳ. ಮೈಗೆ ಓಡಾಟ ಬೇಕು, ಮನಸ್ಸಿಗೆ ಒಂದು ಕಡೆ ನಿಲ್ಲುವುದು ಬೇಕು. ಒಂದು ಇನ್ನೊಂದಕ್ಕೆ ಒತ್ತಾಸೆ ಆಗುತ್ತದೆ, ಬದಲಿ ಆಗುವುದಿಲ್ಲ. ಓಡಿದ ಮೇಲೆ ತಲೆ ಹಗುರ ಆಗುತ್ತದೆ, ನಿಜ. ಆದರೆ ಅರ್ಧ ಓಟ ಆಫೀಸಿನ ಜಗಳ ನೆನೆಸಿಕೊಳ್ಳುವುದರಲ್ಲೇ ಕಳೆದಿರುತ್ತದೆ. ನನ್ನದಂತೂ ಹಾಗೇ.

ಹಾಗಾದರೆ ಸಂಬಂಧ ಎಲ್ಲಿದೆ? ತಯಾರಿಯಲ್ಲಿದೆ. ಮ್ಯಾರಥಾನ್ ತಯಾರಿಗೆ ಸಾಮಾನ್ಯವಾಗಿ ನಾಲ್ಕು ತಿಂಗಳು ಬೇಕು. ವಾರಕ್ಕೊಂದು ಲಾಂಗ್ ರನ್ (ದೂರದ ಓಟ), ಅದನ್ನು ಸ್ವಲ್ಪ ಸ್ವಲ್ಪವೇ ಏರಿಸಿ 30 ಕಿ.ಮೀ ಆಸುಪಾಸಿಗೆ ತರುವುದು. ಉಳಿದ ದಿನಗಳ ಓಟ ಬಹುಪಾಲು ನಿಧಾನದ್ದು, ಪಕ್ಕದವರ ಜೊತೆ ಮಾತಾಡಿಕೊಂಡು ಓಡುವಷ್ಟು ನಿಧಾನ. ಕೊನೆಯ ಎರಡು ಮೂರು ವಾರ ಬೇಕಂತಲೇ ಕಡಿಮೆ ಓಡುವುದು. ಹೊಸಬರು ಎಡವುವುದು ಈ ತಾಳ್ಮೆಯ ವಿಷಯದಲ್ಲೇ. ಮೊದಲ ತಿಂಗಳೇ ಹುರುಪಿನಲ್ಲಿ ಜಾಸ್ತಿ ಓಡಿ ಮಂಡಿ ಹಿಡಿದುಕೊಂಡು ಕೂರುತ್ತಾರೆ. ಧ್ಯಾನದಲ್ಲೂ ಅದೇ ಕಥೆ. ಶಿಬಿರದಿಂದ ಬಂದ ವಾರ ದಿನಕ್ಕೆ ಎರಡು ಗಂಟೆ, ತಿಂಗಳು ಕಳೆಯುವಷ್ಟರಲ್ಲಿ ಸೊನ್ನೆ.

ಸಕ್ಯೋಂಗ್ ಈ ತಯಾರಿಯನ್ನು ತಮ್ಮ ಸಂಪ್ರದಾಯದ ನಾಲ್ಕು ಪ್ರಾಣಿಗಳ ಹೆಸರಿನಲ್ಲಿ ವಿವರಿಸುತ್ತಾರೆ: ಹುಲಿ, ಸಿಂಹ, ಗರುಡ, ಡ್ರ್ಯಾಗನ್. ನನಗೆ ಇಷ್ಟವಾದದ್ದು ಹುಲಿ. ಹುಲಿ ಹೆಜ್ಜೆ ನೋಡಿಕೊಂಡು ಇಡುತ್ತದೆ. ಮೊದಮೊದಲು ಓಡುವವರು ಉಸಿರು, ಪಾದ, ಭುಜ ಹೇಗಿದೆ ಅಂತ ಗಮನಿಸುವುದನ್ನು ಕಲಿಯಬೇಕು ಅನ್ನುವುದು ಅದರ ಅರ್ಥ. ಸಿಂಹ ಬರುವಷ್ಟರಲ್ಲಿ ಓಟ ಖುಷಿ ಕೊಡಲು ಶುರುವಾಗಿರುತ್ತದೆ. ಗರುಡ ತನ್ನ ಮಿತಿಯನ್ನು ದಾಟಿ ನೋಡುವ ಹಂತ. ಡ್ರ್ಯಾಗನ್ ಅಂದರೆ ತನಗಾಗಿ ಅಲ್ಲದೆ ಇನ್ನೊಬ್ಬರಿಗಾಗಿ ಓಡುವುದು.

ಗರುಡನ ಹಂತ ಏನೆಂದು ಮ್ಯಾರಥಾನ್ ಓಡಿದವರಿಗೆ ಗೊತ್ತು. ಸುಮಾರು 30 ಕಿ.ಮೀ ದಾಟಿದ ಮೇಲೆ ಸ್ನಾಯುಗಳಲ್ಲಿ ಕೂಡಿಟ್ಟ ಶರ್ಕರಪಿಷ್ಟದ (ಗ್ಲೈಕೋಜೆನ್) ದಾಸ್ತಾನು ಮುಗಿಯುತ್ತಾ ಬರುತ್ತದೆ. ಕಾಲು ಸೀಸದ ಹಾಗೆ ಭಾರ. ಓಟಗಾರರು ಇದನ್ನು ‘ವಾಲ್’ ಅನ್ನುತ್ತಾರೆ. ಆಗ ತಲೆಯೊಳಗೆ ಒಂದು ದನಿ ಏಳುತ್ತದೆ: ಸಾಕು, ನಿಲ್ಲಿಸು, ಯಾರು ಕೇಳ್ತಾರೆ? ಕೂತು ಅಭ್ಯಾಸ ಇರುವವರಿಗೆ ಈ ದನಿ ಹಳೇ ಪರಿಚಯ. ಇಪ್ಪತ್ತನೇ ನಿಮಿಷಕ್ಕೆ ಕಾಲು ಜೋಮು ಹಿಡಿದಾಗ ಬರುವುದೂ ಇದೇ ದನಿ. ಅದು ಬರುತ್ತದೆ, ಹೋಗುತ್ತದೆ ಅಂತ ನೂರು ಸಲ ನೋಡಿರುತ್ತಾರೆ. ಆದರೆ ಮಂಡಿ ನಿಜವಾಗಿಯೂ ನೋಯುತ್ತಿದ್ದರೆ ಅದು ಬೇರೆ ವಿಷಯ. ಆಗ ನಿಲ್ಲಿಸಲೇಬೇಕು. ಈ ಎರಡನ್ನೂ ಬೇರೆ ಮಾಡಿ ನೋಡಲು ಬರುವುದಿದೆಯಲ್ಲ, ಧ್ಯಾನದಿಂದ ಓಟಕ್ಕೆ ಸಿಗುವ ದೊಡ್ಡ ಲಾಭ ಅದೇ ಅಂತ ನನಗನ್ನಿಸುತ್ತದೆ.

ಒಂದು ಮಾತು ಹೇಳದೆ ಮುಂದೆ ಹೋಗುವುದು ಸರಿಯಲ್ಲ. 2018ರಲ್ಲಿ ಸಕ್ಯೋಂಗ್ ಮೇಲೆ ಮಹಿಳೆಯರು ಲೈಂಗಿಕ ದುರ್ವರ್ತನೆಯ ಆರೋಪ ಮಾಡಿದರು. ಅವರು ಬೋಧನೆ, ಆಡಳಿತ ಎರಡರಿಂದಲೂ ಹಿಂದೆ ಸರಿದರು. ಓಟದಲ್ಲಿ ಶಿಸ್ತು ಇದ್ದವರಿಗೆ ಎಲ್ಲದರಲ್ಲೂ ಶಿಸ್ತು ಇರುತ್ತದೆ ಅಂತ ನಂಬಬೇಡಿ. ಅವರು ಓಟದ ಬಗ್ಗೆ ಹೇಳಿದ್ದನ್ನು ಬೇಕಾದರೆ ಪರೀಕ್ಷಿಸಿ ತಗೊಳ್ಳಿ, ಅಷ್ಟೇ.

ಇನ್ನು ‘ಸುಮ್ನೆ ಕೂರೋದಲ್ವಾ’ ಅಂದಿರಿ. ಕೂರುವುದು ಒಂದು ಬಗೆ ಮಾತ್ರ. ನಡೆಯುತ್ತಾ ಮಾಡುವ ಧ್ಯಾನಕ್ಕೆ ಹಳೆಯ ಬೌದ್ಧ ಗ್ರಂಥಗಳ ಭಾಷೆಯಾದ ಪಾಳಿಯಲ್ಲಿ ಚಂಕಮ ಅನ್ನುತ್ತಾರೆ. ಬೋಧಗಯಾದ ಮಹಾಬೋಧಿ ಗುಡಿಯ ಪಕ್ಕದಲ್ಲಿ, ಬುದ್ಧ ಹಾಗೆ ನಡೆದ ಜಾಗ ಅಂತ ಕಲ್ಲಿನ ಕಮಲಗಳಿರುವ ಕಟ್ಟೆಯೊಂದನ್ನು ಇವತ್ತಿಗೂ ತೋರಿಸುತ್ತಾರೆ. ಚಂಕಮದಿಂದ ಐದು ಲಾಭ ಅಂತ ಬುದ್ಧನ ಉಪದೇಶಗಳ ಸಂಗ್ರಹವಾದ ಅಂಗುತ್ತರ ನಿಕಾಯ ಹೇಳುತ್ತದೆ. ದೂರ ನಡೆಯುವ ಶಕ್ತಿ ಬರುತ್ತದೆ, ಸಾಧನೆಗೆ ಕಸುವು ಬರುತ್ತದೆ, ಕಾಯಿಲೆ ಕಡಿಮೆ, ತಿಂದದ್ದು ಅರಗುತ್ತದೆ, ನಡೆಯುತ್ತಾ ಗಳಿಸಿದ ಏಕಾಗ್ರತೆ ಬೇಗ ಕರಗುವುದಿಲ್ಲ. ತಿಂದದ್ದು ಅರಗುವುದನ್ನೂ ಬಿಡದೆ ಲೆಕ್ಕಕ್ಕೆ ಹಿಡಿದಿದ್ದಾರಲ್ಲ, ಅದು ನನಗೆ ಬಹಳ ಇಷ್ಟ.

ಅತಿಗೆ ಹೋದವರೂ ಇದ್ದಾರೆ. ಜಪಾನಿನ ಕ್ಯೋಟೋ ಪಕ್ಕದ ಹಿಯೇಯಿ ಬೆಟ್ಟದ ತೆಂದಾಯಿ ಅನ್ನುವ ಬೌದ್ಧ ಪಂಥದ ಸನ್ಯಾಸಿಗಳಿಗೆ ಹೊರಗಿನವರು ‘ಮ್ಯಾರಥಾನ್ ಸನ್ಯಾಸಿಗಳು’ ಅಂತಲೇ ಹೆಸರಿಟ್ಟಿದ್ದಾರೆ. ಅವರ ವ್ರತ ಏಳು ವರ್ಷದಲ್ಲಿ ಒಂದು ಸಾವಿರ ದಿನದ್ದು. ಮೊದಲ ವರ್ಷಗಳಲ್ಲಿ ದಿನಕ್ಕೆ ಸುಮಾರು 30 ಕಿ.ಮೀ, ಕೊನೆಯ ವರ್ಷ ನೂರು ದಿನ ಸುಮಾರು 84 ಕಿ.ಮೀ. ಅದೂ ಹುಲ್ಲಿನ ಚಪ್ಪಲಿಯಲ್ಲಿ. 700 ದಿನ ಮುಗಿದ ಮೇಲೆ ಒಂಬತ್ತು ದಿನ ಊಟ, ನೀರು, ನಿದ್ದೆ ಯಾವುದೂ ಇಲ್ಲ. 1885ರಿಂದ ಈಚೆಗೆ ಇದನ್ನು ಪೂರ್ತಿ ಮಾಡಿದವರು ಐವತ್ತು ಮಂದಿಯೂ ಇಲ್ಲ. ಹೆಸರೇನೋ ಮ್ಯಾರಥಾನ್, ಆದರೆ ಅವರು ಓಡುವುದಕ್ಕಿಂತ ಬಿರುಸಾಗಿ ನಡೆಯುವುದೇ ಜಾಸ್ತಿ. ದಾರಿಯುದ್ದಕ್ಕೂ ನೂರಾರು ಕಡೆ ನಿಂತು ಪ್ರಾರ್ಥನೆ ಮಾಡುತ್ತಾರೆ. ಇದನ್ನು ಓದಿ ಯಾರೂ ಸ್ಫೂರ್ತಿ ತಗೊಳ್ಳಬೇಡಿ ಮಾರಾಯರೇ!

ನಮ್ಮಂಥವರಿಗೆ ಸೋಣನ ಕಥೆಯೇ ಸರಿ. ರಾಜಗೃಹದಲ್ಲಿ ಬುದ್ಧನ ಶಿಷ್ಯನಾದ ಸೋಣ ಶ್ರೀಮಂತರ ಮಗ, ಸುಖದಲ್ಲಿ ಬೆಳೆದವನು. ಹಟ ಹಿಡಿದು ಬರಿಗಾಲಲ್ಲಿ ಚಂಕಮ ಮಾಡಿ ಮಾಡಿ ಪಾದ ಒಡೆದು ನೆಲವೆಲ್ಲ ರಕ್ತವಾಯಿತು. ಇಷ್ಟೆಲ್ಲ ಮಾಡಿದರೂ ಏನೂ ಸಿಗಲಿಲ್ಲ, ಮನೆಗೆ ಹೋಗಿಬಿಡಲಾ ಅಂತ ಯೋಚಿಸತೊಡಗಿದ. ಬುದ್ಧ ಬಂದು, ನೀನು ಹಿಂದೆ ವೀಣೆ ನುಡಿಸುತ್ತಿದ್ದೆಯಲ್ಲ, ತಂತಿ ತುಂಬ ಬಿಗಿದರೆ ನಾದ ಬರುತ್ತಿತ್ತಾ ಅಂತ ಕೇಳಿದ. ಇಲ್ಲ. ಸಡಿಲ ಬಿಟ್ಟರೆ? ಆಗಲೂ ಇಲ್ಲ. ಹದವಾಗಿ ಕಟ್ಟಿದರೆ? ಬರುತ್ತಿತ್ತು. ಪ್ರಯತ್ನವೂ ಹಾಗೇ ಅಂದ ಬುದ್ಧ. ಒಳ್ಳೆಯ ಕೋಚ್ ಇವತ್ತು ಹೇಳುವುದೂ ಇದನ್ನೇ, ವೀಣೆಯ ಬದಲು ಹಾರ್ಟ್ ರೇಟ್ ತೋರಿಸುತ್ತಾರೆ.

ನೀವು ಮಾಡಬಹುದಾದ್ದು ಇಷ್ಟು. ವಾರದಲ್ಲಿ ಒಂದೆರಡು ದಿನ ಇಯರ್‌ಫೋನ್ ಮನೆಯಲ್ಲೇ ಬಿಟ್ಟು ಓಡಿ. ಮೊದಲ ಹತ್ತು ನಿಮಿಷ ಪಾದ ನೆಲ ಮುಟ್ಟುವುದನ್ನಷ್ಟೇ ಗಮನಿಸಿ. ಗಮನ ತಪ್ಪುತ್ತದೆ, ಬೈದುಕೊಳ್ಳದೆ ವಾಪಸ್ ತನ್ನಿ. ಉಳಿದ ದಾರಿ ನಿಮ್ಮಿಷ್ಟ, ಆದರೆ ರಸ್ತೆಯಲ್ಲಿ ಓಡುವವರು ಗಾಡಿಗಳ ಕಡೆ ಗಮನ ಇಡಿ, ಉಸಿರಿನ ಕಡೆ ಅಲ್ಲ. ಮನೆಗೆ ಬಂದು ನೀರು ಕುಡಿದು, ಬೆವರು ಆರಿದ ಮೇಲೆ ಹತ್ತು ನಿಮಿಷ ಕೂತುಕೊಳ್ಳಿ. ಮೈ ದಣಿದಿರುವುದರಿಂದ ಬೇರೆ ಹೊತ್ತಿಗಿಂತ ಸಲೀಸಾಗಿ ಕೂರಲು ಆಗುತ್ತದೆ.

ಅಂದ ಹಾಗೆ, ಸೋಣನ ಕಥೆಗೆ ಇನ್ನೊಂದು ತುಣುಕಿದೆ. ಸುಖದಲ್ಲಿ ಬೆಳೆದವನು ನೀನು, ಚಪ್ಪಲಿ ಹಾಕಿಕೋ ಅಂದ ಬುದ್ಧ. ನನಗೊಬ್ಬನಿಗೇ ಆದರೆ ಬೇಡ ಅಂದ ಸೋಣ. ಆಗ ಭಿಕ್ಷುಗಳಿಗೆಲ್ಲ ಒಂದು ಪದರದ ಚಪ್ಪಲಿಗೆ ಅಪ್ಪಣೆ ಸಿಕ್ಕಿತು ಅಂತ ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯ ಪಿಟಕದಲ್ಲಿದೆ. ನಿಮ್ಮ ಶೂ ತಳ ಸವೆದಿದ್ದರೆ ಈ ವಾರವೇ ಹೊಸದು ತಗೊಳ್ಳಿ.