ಕೋಣೆಯನ್ನು ದಯವಿಟ್ಟು ಹಾಗೆಯೇ ಬಿಡಿ

ಸಾಕ್ಷ್ಯಚಿತ್ರದ ಚಿತ್ರೀಕರಣಕ್ಕೆಂದು ಹೋದ ಮನೆಯಲ್ಲಿ ಗೋಡೆಗೆ ಹೊಸದಾಗಿ ಬಣ್ಣ ಬಳಿದಿರುವುದು ಕಂಡರೆ ನನ್ನ ಎದೆ ಧಸಕ್ಕೆನ್ನುತ್ತದೆ. ಹಿರಿಯ ಸಾಹಿತಿಯ ಮೇಜಿನ ಮೇಲಿದ್ದ ಕಾಗದಗಳ ರಾಶಿ ಅಟ್ಟ ಸೇರಿರುತ್ತದೆ, ಅವರು ದಿನವೂ ಕೂರುವ ಬೆತ್ತ ಹರಿದ ಕುರ್ಚಿಯ ಜಾಗದಲ್ಲಿ ನೆರೆಮನೆಯಿಂದ ತಂದ ಸೋಫಾ ಇರುತ್ತದೆ, ಹಿನ್ನೆಲೆಗೆ ಸ್ಮರಣಿಕೆಗಳ ಕಪಾಟನ್ನು ಒರೆಸಿ ಇಟ್ಟಿರುತ್ತಾರೆ. ಅದರ ಮುಂದೆ ಜರಿಯ ಶಾಲು ಹೊದ್ದು, ಮೈಸೂರು ಪೇಟ ಧರಿಸಿ, ಯಾರದೋ ಮದುವೆಗೆ ಬಂದವರಂತೆ ಆ ಹಿರಿಯರು ಕೂತಿರುತ್ತಾರೆ. ಎಲ್ಲವೂ ಪ್ರೀತಿಯಿಂದಲೇ ಆದದ್ದಾದ್ದರಿಂದ ಗದರುವಂತೆಯೂ ಇಲ್ಲ.

ವಾರಕ್ಕೆ ಮುಂಚೆ ಫೋನಿನಲ್ಲಿ ಎಷ್ಟು ಬಿಡಿಸಿ ಹೇಳಿದರೂ ಈ ಮಾತು ತಲುಪುವುದಿಲ್ಲವಾದ್ದರಿಂದ ಇನ್ನೊಮ್ಮೆ ಹೇಳುತ್ತೇನೆ. ಪುಸ್ತಕ, ಬಟ್ಟೆ, ಹಾಸಿಗೆಗಳಿಂದ ತುಂಬಿದ ಕೋಣೆ ಸದ್ದನ್ನು ಹೀರಿಕೊಳ್ಳುತ್ತದೆ. ಅದನ್ನು ಬರಿದು ಮಾಡಿದರೆ ಮಾತು ಗೋಡೆಯಿಂದ ಗೋಡೆಗೆ ಬಡಿದು ಮಾರ್ದನಿಸುತ್ತದೆ, ಮತ್ತು ಆ ಮಾರ್ದನಿಯನ್ನು ಸಂಕಲನದಲ್ಲಿ ಪೂರ್ತಿಯಾಗಿ ತೆಗೆಯುವುದು ಕಷ್ಟ. ಅಂಗಿಗೆ ಸಿಕ್ಕಿಸಿದ ಸಣ್ಣ ಮೈಕಿಗೆ ಜರಿಯ ಶಾಲು ತಗುಲಿದಾಗಲೆಲ್ಲ ಕರಕರ ಸದ್ದು ಬರುತ್ತದೆ. ಅಚ್ಚ ಬಿಳಿಯ ಗೋಡೆಯ ಮುಂದೆ ನಮ್ಮವರ ಮುಖಗಳು ಕಪ್ಪಿಟ್ಟು ಕಾಣುತ್ತವೆ. ಈ ತೊಂದರೆಗಳನ್ನು ಹೇಗೋ ನಿಭಾಯಿಸಬಹುದು. ನಿಭಾಯಿಸಲಾಗದ್ದು ಬೇರೆಯೇ ಇದೆ: ತನ್ನ ಜಾಗ ತಪ್ಪಿದ ಮನುಷ್ಯ ಸಭೆಯ ದನಿಯಲ್ಲಿ ಮಾತನಾಡತೊಡಗುತ್ತಾನೆ. ಎದುರಿಗೆ ಕೂತಿರುವವನು ನಾನೊಬ್ಬನೇ ಆದರೂ ಮಾತು ‘ಮಾನ್ಯರೇ’ ಎಂದು ಶುರುವಾಗುತ್ತದೆ. ಹಾಗೆ ಬಿಗಿದ ದನಿ ಸಡಿಲವಾಗಲು ಕೆಲವೊಮ್ಮೆ ಇಡೀ ದಿನ ಬೇಕು.

ಅಟ್ಟ ಸೇರಿದ ಕಾಗದಗಳ ವಿಷಯಕ್ಕೆ ರವೀಂದ್ರನಾಥ ಠಾಕೂರರ ಉದಾಹರಣೆ ಸಾಕು. 1924ರಲ್ಲಿ ‘ಪೂರಬಿ’ಯ ಕವಿತೆಗಳನ್ನು ಬರೆಯುತ್ತಿದ್ದಾಗ ಅವರು ಹೊಡೆದುಹಾಕಿದ ಸಾಲುಗಳನ್ನು ಒಂದಕ್ಕೊಂದು ಕೂಡಿಸುತ್ತ ಹಕ್ಕಿ, ಮೃಗ, ಮುಖಗಳ ಆಕಾರ ಕೊಡುತ್ತಿದ್ದರು. ಅವರ ಚಿತ್ರಕಲೆ ಬಹುಮಟ್ಟಿಗೆ ಮೊಳೆತದ್ದು ಅಲ್ಲಿಂದ, ಮತ್ತು 1930ರಲ್ಲಿ ಪ್ಯಾರಿಸ್ಸಿನಲ್ಲಿ ಅದರ ಪ್ರದರ್ಶನವೇ ಆಯಿತು. ಅಚ್ಚಾದ ಪುಸ್ತಕವನ್ನು ಮಾತ್ರ ಉಳಿಸಿಕೊಂಡು ಗೀಚಿದ ಹಾಳೆಗಳನ್ನು ರದ್ದಿಗೆ ಹಾಕುವ ಮನೆಯವರು ಅವರಿಗಿದ್ದಿದ್ದರೆ ಈ ಸಂಗತಿಯನ್ನು ಯಾವ ಸಾಕ್ಷ್ಯಚಿತ್ರವೂ ತೋರಿಸಲಾಗುತ್ತಿರಲಿಲ್ಲ.

ಅದೇ ಠಾಕೂರರ ಮೇಲೆ 1961ರಲ್ಲಿ ಚಿತ್ರ ಮಾಡಿದ ಸತ್ಯಜಿತ್ ರಾಯ್, 1972ರಲ್ಲಿ ಶಾಂತಿನಿಕೇತನದ ತಮ್ಮ ಗುರು ಬಿನೋದ್ ಬಿಹಾರಿ ಮುಖರ್ಜಿಯವರ ಮೇಲೆ ‘ದಿ ಇನ್ನರ್ ಐ’ ಎಂಬ ಸುಮಾರು 20 ನಿಮಿಷಗಳ ಚಿತ್ರ ಮಾಡಿದರು. ಹುಟ್ಟಿನಿಂದಲೇ ದೃಷ್ಟಿದೋಷವಿದ್ದ ಆ ಕಲಾವಿದರು ಶಸ್ತ್ರಚಿಕಿತ್ಸೆಯೊಂದರ ನಂತರ ಪೂರ್ತಿ ಕುರುಡಾಗಿದ್ದರು. ಆದರೂ ಹೆಂಚುಗಳ ಭಿತ್ತಿಚಿತ್ರವೊಂದರ ಕೆಲಸದಲ್ಲಿ ತೊಡಗಿದ್ದುದನ್ನು ಚಿತ್ರ ತೋರಿಸುತ್ತದೆ. ಕಣ್ಣಿಲ್ಲದವರ ಕೈ ಸಾಮಾನನ್ನು ಅದಿದ್ದ ಜಾಗದಲ್ಲೇ ಹುಡುಕುತ್ತದೆ. ಹಿಂದಿನ ದಿನ ಯಾರಾದರೂ ಬಂದು ಅವರ ಕೋಣೆಯನ್ನು ‘ನೀಟು’ ಮಾಡಿದ್ದರೆ ಏನಾಗುತ್ತಿತ್ತು ಎಂಬುದನ್ನು ನನ್ನ ಗಿರಾಕಿಗಳು ಯೋಚಿಸಿ ನೋಡಬೇಕು.

ಈ ಖಾಯಿಲೆ ಮನೆಯವರಿಗೆ ಮಾತ್ರ ಇದೆ ಎಂದರೆ ಅನ್ಯಾಯವಾದೀತು. ರಾಯ್ ಅವರೇ 1976ರಲ್ಲಿ ಭರತನಾಟ್ಯ ಕಲಾವಿದೆ ಬಾಲಸರಸ್ವತಿಯವರ ಮೇಲೆ ಮಾಡಿದ ‘ಬಾಲ’ದಲ್ಲಿ ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’ ಪದಕ್ಕೆ ಅವರನ್ನು ಕಡಲ ತೀರದಲ್ಲಿ ನಿಲ್ಲಿಸಿದರು. ಕನ್ನಡದ ಆ ಪದವನ್ನು ಜಗತ್ತಿನ ಮುಂದೆ ಅಭಿನಯಿಸಿ ತಮ್ಮದಾಗಿಸಿಕೊಂಡಿದ್ದ ಕಲಾವಿದೆಯ ಸೆರಗನ್ನು ಗಾಳಿ ಎಳೆದಾಡುತ್ತದೆ, ನೋಡುವವರ ಗಮನ ಕಣ್ಣು, ಕೈಗಳಿಂದ ಜಾರಿ ಸೆರಗಿಗೆ ಹೋಗುತ್ತದೆ. ದೊಡ್ಡವರ ಚಿತ್ರವನ್ನು ಹೀಗೆನ್ನಲು ಸಂಕೋಚವಿದ್ದರೂ, ಸುಂದರವಾದ ಹಿನ್ನೆಲೆ ಹುಡುಕಿದ್ದರ ಬೆಲೆ ಅದು ಎಂಬುದು ನನ್ನ ಅಭಿಪ್ರಾಯ.

ಕರಾವಳಿಯಲ್ಲಿ ಯಕ್ಷಗಾನದ ಒಬ್ಬ ಹಿರಿಯ ಬಣ್ಣದ ವೇಷಧಾರಿಯ ಚಿತ್ರೀಕರಣಕ್ಕೆ ಹೋದಾಗ ಮಕ್ಕಳಿಗೆ ಸ್ಮರಣಿಕೆಗಳ ಕಪಾಟಿನ ಮುಂದೆಯೇ ಸಂದರ್ಶನ ಆಗಬೇಕಿತ್ತು, ಅವರಿಗೋ ವೇಷ ಪೂರ್ತಿಯಾದ ಮೇಲಷ್ಟೇ ಕ್ಯಾಮೆರಾ ಬರಬೇಕಿತ್ತು. “ಬಣ್ಣ ಹಾಕಿ ಮುಗಿದ ಮೇಲೆ ಬನ್ನಿ ಮಾರಾಯ್ರೆ, ಅರ್ಧ ಮುಖ ಯಾರಿಗೆ ಬೇಕು?” ಎಂದರು. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಸಾಲುಸಾಲಾಗಿ ಚಿಟ್ಟಿ, ಎಂದರೆ ಉಬ್ಬಿದ ಚುಕ್ಕಿಗಳನ್ನು, ಇಡುವ ಆ ಗಂಟೆಗಟ್ಟಲೆಯ ಕೆಲಸವೇ ನನಗೆ ಬೇಕಾದದ್ದು ಎಂದು ಒಪ್ಪಿಸಿ, ವೇಷ ಕಟ್ಟುವ ಜಾಗವಾದ ಚೌಕಿಯ ಮೂಲೆಯಲ್ಲಿ ಕೂತೆ. ಕಪಾಟಿನ ಮುಂದೆ ನಡೆದ ಸಂದರ್ಶನದಲ್ಲಿ ‘ಎಲ್ಲ ಗುರುಗಳ ಆಶೀರ್ವಾದ’ ಎಂಬುದರಾಚೆಗೆ ಮಾತು ಹೋಗಿರಲಿಲ್ಲ. ಚೌಕಿಯಲ್ಲಿ ಮಾತ್ರ ಪಕ್ಕದ ಹುಡುಗನ ಬಟ್ಟಲಿಗೆ ಬೆರಳದ್ದಿ, “ಹಿಟ್ಟು ನೀರಾಗಿದೆ ಮಾರಾಯ, ಇದು ಬೆಳಗ್ಗಿನವರೆಗೆ ನಿಲ್ಲುದಿಲ್ಲ” ಎಂದು ಗದರಿ, ಹದ ಹೇಗಿರಬೇಕೆಂದು ಅವನಿಗೆ ತೋರಿಸಿಕೊಟ್ಟರು. ಆ ಚಿತ್ರದಲ್ಲಿ ನಾನು ಒಂದು ಚೌಕಟ್ಟನ್ನೂ ಕತ್ತರಿಸದೆ ಉಳಿಸಿಕೊಂಡ ಭಾಗ ಅದು.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತೂ ಬೇಕು. ಇದ್ದದ್ದು ಇದ್ದ ಹಾಗೆ ಎಂಬ ಹಟದಲ್ಲಿ ಹಾಸಿಗೆ ಹಿಡಿದವರ ಔಷಧಿಯ ಬಾಟಲಿಗಳನ್ನೂ ಮನೆಯ ಹೆಣ್ಣುಮಕ್ಕಳ ಖಾಸಗಿ ಬದುಕನ್ನೂ ಕೇಳದೇ ಚಿತ್ರೀಕರಿಸುವುದು ಸರಿಯಲ್ಲ. ಆ ವ್ಯಕ್ತಿಗೆ ಇಷ್ಟವಿದ್ದೇ ಶಾಲು ಹೊದ್ದರೆ ಅದು ಅವರ ಹಕ್ಕು, ಮೈಕನ್ನು ಬೇರೆಡೆ ಕಟ್ಟಿಕೊಳ್ಳುವುದು ನಮ್ಮ ಕೆಲಸ. ಎಷ್ಟು ತೋರಿಸಬೇಕೆಂಬುದು ಪ್ರತಿ ಮನೆಯಲ್ಲೂ ಬೇರೆಯಾಗಿರುವುದರಿಂದ ಮೊದಲ ಭೇಟಿಗೆ ನಾನು ಕ್ಯಾಮೆರಾ ಒಯ್ಯುವುದಿಲ್ಲ. ಈಗಾಗಲೇ ಎಲ್ಲವನ್ನೂ ಒಪ್ಪವಾಗಿಸಿ ಆಗಿದ್ದರೆ ಅಟ್ಟದ ಟ್ರಂಕನ್ನು ಕೆಳಗಿಳಿಸಿ ಇಡಿ. ಯಾವ ಕಾಗದ ಎಲ್ಲಿತ್ತೆಂದು ನೀವು ನೆನಪಿಸಿಕೊಳ್ಳುವ ಅಗತ್ಯವಿಲ್ಲ, ಅದನ್ನು ಬರೆದವರೇ ಹೇಳುತ್ತಾರೆ.