ಟ್ರೇ ಬಿಟ್ಟು ಬೇರೆಡೆ ಮೂತ್ರ ಮಾಡುವ ಬೆಕ್ಕು

ಬೀದಿಯಿಂದ ತಂದು ಸಾಕಿಕೊಂಡ ಬೆಕ್ಕು ಹಾಸಿಗೆಯ ಮೇಲೋ ಮಡಿಸಿಟ್ಟ ಬಟ್ಟೆಯ ಮೇಲೋ ಪದೇ ಪದೇ ಮೂತ್ರ ಮಾಡತೊಡಗಿದಾಗ, ಅದನ್ನು ಇಟ್ಟುಕೊಳ್ಳುವುದೇ ಬಿಟ್ಟುಬರುವುದೇ ಎಂಬ ಚರ್ಚೆ ಮನೆಯಲ್ಲಿ ಬಹುಬೇಗ ಶುರುವಾಗುತ್ತದೆ. ಕಾರಣ ತಿಳಿಯುವ ಮುನ್ನ ಆ ಚರ್ಚೆಗೆ ಅರ್ಥವಿಲ್ಲ. ಬೆಕ್ಕು ಸೇಡಿಗಾಗಿ ಹೀಗೆ ಮಾಡುತ್ತದೆ ಎಂಬ ನಂಬಿಕೆಗೆ ಆಧಾರವೂ ಇಲ್ಲ. ಕಾಯಿಲೆ, ಮಲಮೂತ್ರಕ್ಕೆಂದು ಇಟ್ಟ ಟ್ರೇ ಹಿಡಿಸದಿರುವುದು, ತನ್ನ ವಲಯವನ್ನು ಗುರುತಿಸುವ ಸಹಜ ಪ್ರವೃತ್ತಿ, ಮನಸ್ಸಿನ ಒತ್ತಡ ಇವುಗಳಲ್ಲಿ ಒಂದೋ ಎರಡೋ ಸೇರಿ ಈ ತೊಂದರೆ ಹುಟ್ಟುತ್ತದೆ, ಮತ್ತು ಒಂದೊಂದಕ್ಕೂ ಪರಿಹಾರ ಬೇರೆ.

ಮೊದಲು ಗಮನಿಸಬೇಕಾದದ್ದು ಬೆಕ್ಕಿನ ಭಂಗಿಯನ್ನು. ನಿಂತುಕೊಂಡು, ಬಾಲವನ್ನು ಮೇಲೆತ್ತಿ ನಡುಗಿಸುತ್ತ ಗೋಡೆಗೋ ಬಾಗಿಲಿಗೋ ಸ್ವಲ್ಪವೇ ಮೂತ್ರ ಸಿಂಪಡಿಸಿದರೆ ಅದು ಗುರುತು ಹಾಕುವ ನಡವಳಿಕೆ. ಕುಳಿತು ನೆಲದ ಮೇಲೆ ಹೆಚ್ಚು ಮೂತ್ರ ಮಾಡಿದರೆ ಟ್ರೇಯನ್ನೋ ಆರೋಗ್ಯವನ್ನೋ ಶಂಕಿಸಬೇಕು. ಸಂತಾನಹರಣ ಆಗದ ಗಂಡು ಬೆಕ್ಕಿನ ಮೂತ್ರದಲ್ಲಿ ಫೆಲಿನೈನ್ ಎಂಬ ಗಂಧಕಯುಕ್ತ ಅಮೈನೋ ಆಮ್ಲ ಹೇರಳವಾಗಿರುತ್ತದೆ. ಅದು ವಿಘಟನೆಯಾದಾಗ ಹುಟ್ಟುವ ಸಂಯುಕ್ತಗಳೇ ಆ ತೀವ್ರವಾದ ಘಾಟಿಗೆ ಕಾರಣ. ಶಸ್ತ್ರಚಿಕಿತ್ಸೆಯ ನಂತರ ಫೆಲಿನೈನ್ ಇಳಿಯುತ್ತದೆ, ಬಹುಪಾಲು ಗಂಡು ಬೆಕ್ಕುಗಳಲ್ಲಿ ಸಿಂಪಡಿಸುವ ಅಭ್ಯಾಸವೂ ನಿಲ್ಲುತ್ತದೆ ಅಥವಾ ತುಂಬ ಕಡಿಮೆಯಾಗುತ್ತದೆ. ಬೀದಿ ಬೆಕ್ಕಿಗೆ ಈ ಶಸ್ತ್ರಚಿಕಿತ್ಸೆ ಆಗಿರುವುದೇ ಇಲ್ಲವೇ ಎಂಬುದನ್ನು ಊಹಿಸದೆ ಪಶುವೈದ್ಯರಿಂದ ಖಚಿತಪಡಿಸಿಕೊಳ್ಳಬೇಕು.

ಅದೇ ಭೇಟಿಯಲ್ಲಿ ಮೂತ್ರ ಪರೀಕ್ಷೆಯೂ ಆಗಲಿ. ಒತ್ತಡದೊಂದಿಗೆ ನಂಟಿರುವ, ಸೋಂಕಿಲ್ಲದೆಯೇ ಬರುವ ಮೂತ್ರಕೋಶದ ಉರಿಯೂತ ಎಳೆಯ ಮತ್ತು ನಡುವಯಸ್ಸಿನ ಬೆಕ್ಕುಗಳಲ್ಲಿ ಸಾಮಾನ್ಯ. ವಯಸ್ಸಾದವುಗಳಲ್ಲಿ ಮೂತ್ರಪಿಂಡದ ಕಾಯಿಲೆ, ಸಕ್ಕರೆ ಕಾಯಿಲೆ, ಕೀಲುನೋವು ಕಾಣಿಸಿಕೊಳ್ಳುತ್ತವೆ. ಮೂತ್ರ ಮಾಡುವಾಗ ನೋವು ಉಂಡ ಬೆಕ್ಕು ಆ ನೋವನ್ನು ಟ್ರೇಗೇ ಅಂಟಿಸಿಕೊಂಡು, ಕಾಯಿಲೆ ವಾಸಿಯಾದ ಮೇಲೂ ಟ್ರೇಯಿಂದ ದೂರ ಉಳಿಯಬಹುದು. ಗಂಡು ಬೆಕ್ಕು ಮತ್ತೆ ಮತ್ತೆ ಟ್ರೇಗೆ ಹೋಗಿ ತಿಣುಕಿದರೂ ಮೂತ್ರ ಬಾರದಿದ್ದರೆ ಮೂತ್ರನಾಳ ಕಟ್ಟಿಕೊಂಡಿರುವ ಸಾಧ್ಯತೆಯಿದೆ. ಇದು ಒಂದೆರಡು ದಿನಗಳಲ್ಲೇ ಪ್ರಾಣಕ್ಕೆ ಎರವಾಗಬಲ್ಲದು, ಬೆಳಗಾಗಲೆಂದು ಕಾಯುವಂತಿಲ್ಲ.

ಆರೋಗ್ಯ ಸರಿಯಿದೆ ಎಂದಾದರೆ ಟ್ರೇಯತ್ತ ತಿರುಗಬೇಕು, ಮತ್ತು ಇಲ್ಲಿ ಬೀದಿ ಬೆಕ್ಕಿನ ಹಿನ್ನೆಲೆ ಬಹಳ ಮುಖ್ಯ. ಒಣಭೂಮಿಯ ಕಾಡುಬೆಕ್ಕಿನ ಸಂತತಿಯಾದ ಇದಕ್ಕೆ ಸಡಿಲ ಮಣ್ಣನ್ನು ಕೆರೆದು ಮುಚ್ಚುವುದು ಹುಟ್ಟುಗುಣ. ಆದರೆ ಮುಚ್ಚಳದ ಪೆಟ್ಟಿಗೆಯಲ್ಲಿನ ಸುವಾಸನೆಯ ಹರಳುಗಳೇ ಆ ಮಣ್ಣು ಎಂದು ಅದಕ್ಕೆ ಯಾರೂ ಕಲಿಸಿಲ್ಲ. ಸುವಾಸನೆಯಿಲ್ಲದ, ಸಣ್ಣ ಕಣಗಳ ಲಿಟರ್ ಅನ್ನು, ಅಂದರೆ ಟ್ರೇಗೆ ತುಂಬುವ ಪುಡಿಯನ್ನು, ಹೆಚ್ಚಿನ ಬೆಕ್ಕುಗಳು ಒಪ್ಪುತ್ತವೆ. ಒಪ್ಪದಿದ್ದರೆ ಸಾಮಾನ್ಯ ಮಣ್ಣು ಅಥವಾ ಮರಳಿನಿಂದ ಆರಂಭಿಸಿ, ಲಿಟರ್ ಪಾಲನ್ನು ಮೆಲ್ಲಗೆ ಹೆಚ್ಚಿಸುವುದು ನನ್ನ ದೃಷ್ಟಿಯಲ್ಲಿ ಅತ್ಯಂತ ಸಮಂಜಸ ದಾರಿ. ಟ್ರೇ ಬೆಕ್ಕಿನ ಉದ್ದದ ಒಂದೂವರೆ ಪಟ್ಟಾದರೂ ಇರಬೇಕು. ಬೆಕ್ಕುಗಳ ಸಂಖ್ಯೆಗಿಂತ ಒಂದು ಟ್ರೇ ಹೆಚ್ಚಿರಲಿ, ಎಲ್ಲವನ್ನೂ ಒಂದೇ ಮೂಲೆಯಲ್ಲಿ ಸಾಲಾಗಿ ಇಡುವುದು ಬೇಡ. ಮಲವನ್ನು ಪ್ರತಿದಿನ ತೆಗೆಯುವುದರಿಂದ ಮಲದಿಂದ ಮನುಷ್ಯರಿಗೂ ಹರಡಬಲ್ಲ ಟಾಕ್ಸೋಪ್ಲಾಸ್ಮಾ ಎಂಬ ಪರೋಪಜೀವಿಯ ಅಪಾಯವೂ ತಗ್ಗುತ್ತದೆ, ಏಕೆಂದರೆ ಅದು ಸೋಂಕು ಹರಡುವ ಸ್ಥಿತಿಗೆ ಬರಲು 1ರಿಂದ 5 ದಿನ ಬೇಕು. ಆದರೂ ಗರ್ಭಿಣಿಯರು ಈ ಕೆಲಸವನ್ನು ಬೇರೆಯವರಿಗೆ ಬಿಡುವುದು ಲೇಸು.

ಹಳೆಯ ಕಲೆಗಳನ್ನು ಕಿಣ್ವಯುಕ್ತ ಕ್ಲೀನರ್‌ನಿಂದ ತೊಳೆಯಬೇಕು, ಇಲ್ಲದಿದ್ದರೆ ನಮ್ಮ ಮೂಗಿಗೆ ಹತ್ತದ ವಾಸನೆ ಬೆಕ್ಕನ್ನು ಅಲ್ಲಿಗೇ ಕರೆಯುತ್ತದೆ. ಗದರುವುದು, ಮೂತಿಯನ್ನು ಕಲೆಗೆ ಒತ್ತುವುದು ಭಯವನ್ನಷ್ಟೇ ಹೆಚ್ಚಿಸುತ್ತವೆ. ಕಿಟಕಿಯಾಚೆ ಅಡ್ಡಾಡುವ ಬೇರೆ ಬೆಕ್ಕು ಕಂಡೊಡನೆ ಸಿಂಪಡಿಸುವ ಬೆಕ್ಕಿಗೆ ಆ ಕಿಟಕಿಯ ಕೆಳಭಾಗವನ್ನು ಮರೆಮಾಡಿದರೆ ಎಷ್ಟೋ ಅನುಕೂಲ.

ಇಷ್ಟೆಲ್ಲ ಆದರೂ ನಿಲ್ಲದಿದ್ದರೆ ಫ್ಲೂಆಕ್ಸಿಟೀನ್‌ನಂಥ, ಆತಂಕ ತಗ್ಗಿಸುವ ಔಷಧಗಳಿವೆ. ಅವು ಪಶುವೈದ್ಯರ ನಿಗಾದಲ್ಲಿ, ವಾರಗಳ ತಾಳ್ಮೆಯೊಂದಿಗೆ ಮಾತ್ರ ಕೆಲಸ ಮಾಡುತ್ತವೆ. ಮನೆಯಲ್ಲಿನ ಬೇರೆ ಬೆಕ್ಕುಗಳೊಂದಿಗೆ ಹೊಂದಾಣಿಕೆ ಸಾಧ್ಯವೇ ಇಲ್ಲವೆಂದು ಖಚಿತವಾದಾಗ, ಬೇರೆ ಬೆಕ್ಕುಗಳಿಲ್ಲದ ಮನೆಯೊಂದನ್ನು ಹುಡುಕುವುದು ಕ್ರೌರ್ಯವಲ್ಲ. ಬೀದಿಗೆ ಮರಳಿಸುವುದು ಮಾತ್ರ ಬೇರೆಯೇ ಮಾತು: ಅದು ಬಿಟ್ಟುಬಂದ ಜಾಗ ಅಷ್ಟರಲ್ಲಿ ಇನ್ನೊಂದು ಬೆಕ್ಕಿನ ಪಾಲಾಗಿರಬಹುದು, ಮತ್ತು ಕಾಯಿಲೆಯಿದ್ದರೆ ಅಲ್ಲಿ ಚಿಕಿತ್ಸೆ ಸಿಗುವುದಿಲ್ಲ. ಹೊಸ ಮನೆಯವರಿಗೆ ಒಪ್ಪಿಸುವಾಗ ಏನನ್ನೂ ಮುಚ್ಚಿಡದೆ, ಯಾವ ಲಿಟರ್ ಒಪ್ಪಿತು, ಟ್ರೇ ಎಲ್ಲಿತ್ತು, ಯಾವ ಔಷಧ ಎಷ್ಟು ದಿನ ಕೊಡಲಾಯಿತು ಎಂಬುದನ್ನು ಬರೆದು ಕೊಡಬೇಕು.